ಕಾಗದದ ಬಾಲ

ಫೆಬ್ರವರಿ ೪

ಜೀರಿಗೆ,

ಹುಟ್ಟಿದಾಗ ನನ್ನ ಅಂಗೈಯಷ್ಟೂ ಇರಲಿಲ್ಲ ಎಂದು ನಿನಗೆ ಈ ಅಡ್ಡಹೆಸರು ಇಟ್ಟವಳು ನಾನೇ. ಈಗ ನೀನು ಯಾವುದೋ ಗ್ರಂಥಾಲಯದಲ್ಲಿ ಮುದುಕ ಮುದುಕಿಯರನ್ನು ಸಾಲಾಗಿ ಕೂರಿಸಿಕೊಂಡು ಮೇಲ್ ಬರೆಯುವ ಪಾಠ ಹೇಳುತ್ತೀಯ. ನನಗೂ ಒಂದು ಟ್ಯಾಬ್ ಕೊಟ್ಟು ಹೋಗಿದ್ದೀಯ. ಒಂದೇ ಬೆರಳಲ್ಲಿ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಒಂದು ಬೆರಳು ಧಾರಾಳವಾಯಿತು.

"ಮೇಲ್ ಪೆಟ್ಟಿಗೇಲಿ ದಿನಾ ಬೇಕಾಗೋದು ಏನೇನು ಅಂತ ನಿನಗೆ ತೋಚಿದ್ದು ಬರೆದು ಕಳಿಸಜ್ಜಿ, ನಮ್ಮ ಪಾಠದ ಪುಸ್ತಕಕ್ಕೆ ಹಾಕ್ತೀನಿ" ಅಂದೆಯಲ್ಲ, ಬರೆದುಕೋ. ಅಕ್ಷರ ದೊಡ್ಡದಾಗಬೇಕು. ನನಗೆ ಇರುವೆ ಸಾಲು ಓದುವ ಅಭ್ಯಾಸವಿಲ್ಲ. ಬುಟ್ಟಿಗೆ ಬಿದ್ದದ್ದನ್ನು ಮತ್ತೆ ಎತ್ತಿಕೊಳ್ಳಲು ಬರಬೇಕು. ನಮ್ಮ ಹಾಸಿಗೆ ಅಂಗಡಿಗೆ ಹತ್ತಿ ಕಳಿಸುವವನ ಕಾಗದ ನಿನ್ನೆ ಬೆರಳು ಜಾರಿ ಬುಟ್ಟಿಗೆ ಹೋಯಿತು, ನಿನ್ನಮ್ಮ ಅಂಗಡಿಯಲ್ಲಿ ಗಿರಾಕಿಗಳನ್ನು ಬಿಟ್ಟು ಬಂದು ಹುಡುಕಿಕೊಟ್ಟಳು, ಜೊತೆಗೆ ನಾಲ್ಕು ಮಾತು ಉಚಿತ. ಇನ್ನು ಆ ಸ್ಪ್ಯಾಮು. ಮೊಣಕಾಲು ನೋವಿಗೆ ಎಣ್ಣೆ ಮಾರುವವಳು ದಿನಾ ನಡುಮನೆಗೆ ಬಂದು ಕೂರುತ್ತಾಳೆ, ನನ್ನ ಮೊಣಕಾಲಿನ ಡಾಕ್ಟರು ಬರೆದದ್ದು ಕಸದಲ್ಲಿ ಬಿದ್ದಿತ್ತು. ಯಾರನ್ನು ಒಳಗೆ ಬಿಡಬೇಕು ಎಂಬ ಬುದ್ಧಿ ಇದಕ್ಕೆ ಹೇಳಿಕೊಟ್ಟವರು ಯಾರು?

ಇಷ್ಟೆಲ್ಲ ಕಲಿಯುತ್ತಿರುವುದು ನಿನ್ನ ಪುಸ್ತಕದ ಉದ್ಧಾರಕ್ಕಲ್ಲ. ನಿನ್ನ ಚಿಕ್ಕಜ್ಜಿಗೆ ಬರೆಯಬೇಕಾಗಿದೆ. ಆ ಹಾಸ್ಟೆಲಿನಲ್ಲಿ ಬಟ್ಟೆ ಒಗೆಸುವ ಕೆಲಸ ನೋಡಿಕೊಂಡಿದ್ದಳಲ್ಲ, ವಯಸ್ಸಾಯಿತು ಸಾಕು ಎಂದಿದ್ದಾರಂತೆ. ಕೊಟ್ಟ ಕೋಣೆಯನ್ನು ಮಾರ್ಚ್ ಕೊನೆಗೆ ಬಿಡಬೇಕು. ವೃದ್ಧಾಶ್ರಮದ ಅರ್ಜಿ ತರಿಸಿಕೊಂಡಿದ್ದಾಳಂತೆ. ಇದನ್ನು ನನಗೆ ಹೇಳಿದ್ದು ಅವಳಲ್ಲ, ಅಲ್ಲಿಗೆ ಹಾಸಿಗೆ ಇಳಿಸಿ ಬಂದ ನಮ್ಮ ಗಾಡಿಯವನು. ಹಾಸ್ಟೆಲ್ ಕಚೇರಿಯ ಮೇಲ್ ವಿಳಾಸ ತಂದುಕೊಟ್ಟವನೂ ಅವನೇ.

ನಾವಿಬ್ಬರೂ ಮಾತಾಡಿ ಹನ್ನೊಂದು ವರ್ಷ ಆಯಿತು. ಏನಾಯಿತಜ್ಜಿ ಎಂದು ನೀನು ಕೇಳಿದಾಗೆಲ್ಲ ಏನಿಲ್ಲ ಎಂದಿದ್ದೇನೆ. ನಿಜಕ್ಕೂ ದೊಡ್ಡದೇನೂ ಇಲ್ಲ. ಇಬ್ಬರೂ ಸೇರಿ ಹಾಸಿಗೆ ಹೊಲಿಯುತ್ತಿದ್ದೆವು. ಅವಳ ಕಣ್ಣು ಮಂಜಾಗಿ ಹೊಲಿಗೆ ಸೊಟ್ಟ ಬರತೊಡಗಿತು. ಸಂಜೆ ಅವಳು ಹೋದ ಮೇಲೆ ನಾನು ಅದನ್ನು ಬಿಚ್ಚಿ ಮತ್ತೆ ಹೊಲಿಯುತ್ತಿದ್ದೆ. ಒಂದು ದಿನ ಮರೆತ ಕೊಡೆಗೆಂದು ವಾಪಸ್ ಬಂದು ನೋಡಿದಳು. ಅಷ್ಟೇ.

ಫೋನ್ ಮಾಡು ಎನ್ನುತ್ತಾಳೆ ನಿನ್ನಮ್ಮ. ಫೋನಿನಲ್ಲಿ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಬರೆಯುವಾಗಲಾದರೂ ತಡೆದು ತಡೆದು ಬರೆಯಬಹುದು.

ಇಂತಿ,
ನಿನ್ನ ಅಜ್ಜಿ


ಫೆಬ್ರವರಿ ೬

ತಂಗಿ,

ನಾನು ನಿನ್ನ ಅಕ್ಕ. ಯಾವ ಅಕ್ಕ ಎಂದು ಕೇಳಬೇಡ, ನಿನಗಿರುವುದು ಒಬ್ಬಳೇ.

ನಿನ್ನ ಕೋಣೆ ಬಿಡಿಸುತ್ತಾರೆಂದು ತಿಳಿಯಿತು. ಗುರುತು ಪರಿಚಯ ಇಲ್ಲದವರ ಸಾಲಿನಲ್ಲಿ ಮಂಚ ಹಾಕಿಸಿಕೊಂಡು ಬಿದ್ದಿರುವುದಕ್ಕಿಂತ ಇಲ್ಲಿಗೆ ಬಾ. ಹೊಸ ಅಂಗಡಿಯನ್ನು ನೀನು ನೋಡಿಲ್ಲ. ಮೇಲೆ ನಾನಿರುವ ಕೋಣೆಯಲ್ಲಿ ಹತ್ತಿ ಮೂಟೆಗಳನ್ನು ಸರಿಸಿದರೆ ಇನ್ನೊಂದು ಮಂಚ ಹಿಡಿಯುತ್ತದೆ. ಊಟಕ್ಕೆ ಕಷ್ಟವಿಲ್ಲ. ಕೂತು ತಿಂದರೂ ಯಾರೂ ಏನೂ ಅನ್ನುವುದಿಲ್ಲ. ಹೊಲಿಗೆಗೆ ಮಾತ್ರ ಕೈ ಹಾಕಬೇಡ. ದಬ್ಬಣ ಹಿಡಿಯುವ ಕಾಲ ನಿನಗೆ ಮುಗಿಯಿತು. ಗಿರಾಕಿಗಳ ಮುಂದೆ ಇನ್ನೊಮ್ಮೆ ತಲೆ ತಗ್ಗಿಸಲು ನನ್ನಿಂದಾಗದು.

ಬರುವುದಾದರೆ ತಿಳಿಸು. ಗಾಡಿ ಕಳಿಸುತ್ತೇನೆ.

ಇಂತಿ,
ಅಕ್ಕ


ಫೆಬ್ರವರಿ ೧೫

ಅಕ್ಕನವರಿಗೆ,

ತಮ್ಮ ಪತ್ರ ತಲುಪಿತು. ವಿಷಯ ತಿಳಿಯಿತು. ವಿಚಾರ ಮಾಡಿ ತಿಳಿಸಲಾಗುವುದು. ತಮ್ಮ ಮೊಣಕಾಲು ಈಗ ಹೇಗಿದೆ?

ಇಂತಿ,
ತಂಗಿ


ಫೆಬ್ರವರಿ ೧೬

ಜೀರಿಗೆ,

ನನಗೆ ತಲೆ ಬುಡ ತಿಳಿಯುತ್ತಿಲ್ಲ. ನಿಧಾನವಾಗಿ ಓದು.

ಚಿಕ್ಕಜ್ಜಿ ಉತ್ತರ ಕೊಟ್ಟಿದ್ದಾಳೆ. ನಾಲ್ಕು ಸಾಲು. ನನ್ನನ್ನು 'ತಾವು' ಎಂದಿದ್ದಾಳೆ. ಒಂದೇ ಲಂಗವನ್ನು ಸರದಿಯಲ್ಲಿ ಉಟ್ಟು ಬೆಳೆದವರು ನಾವು, ಅವಳಿಗೆ ನಾನು 'ತಾವು' ಆಗಿದ್ದೇನೆ. ಇರಲಿ, ಅದನ್ನು ನುಂಗಿಕೊಂಡೆ. ಅವಳ ಹೆಸರಿನ ಕೆಳಗೆ ಮೂರು ಚುಕ್ಕಿ ಕಂಡಿತು. ಏನೋ ಬಾಕಿ ಉಳಿದಿರಬೇಕೆಂದು ಒತ್ತಿದೆ. ಒತ್ತಿದರೆ ನನ್ನದೇ ಕಾಗದ. ನಾನು ಆರನೇ ತಾರೀಕು ಬರೆದದ್ದು, ಅಕ್ಷರ ಬಿಡದೆ, ಪಕ್ಕದಲ್ಲಿ ಒಂದು ಗೆರೆ ಎಳೆದು ನನಗೇ ಕಳಿಸಿದ್ದಾಳೆ.

ಇದರ ಅರ್ಥ ನಿನಗೆ ಗೊತ್ತಿರಲಿಕ್ಕಿಲ್ಲ. ನಮ್ಮಪ್ಪನಿಗೆ ಒಂದು ಪದ್ಧತಿಯಿತ್ತು. ಯಾರ ಸಹವಾಸವಾದರೂ ಸಾಕೆನಿಸಿದರೆ ಅಪ್ಪ ಜಗಳ ಆಡುತ್ತಿರಲಿಲ್ಲ. ಅವರು ಬರೆದ ಕಾಗದವನ್ನೇ ಹೊಸ ಲಕೋಟೆಗೆ ಹಾಕಿ, ಒಂದಕ್ಷರ ಸೇರಿಸದೆ, ಅವರಿಗೇ ಹಿಂದಕ್ಕೆ ಕಳಿಸುತ್ತಿದ್ದರು. ಅಲ್ಲಿಗೆ ಮುಗಿಯಿತು. ಸೋದರತ್ತೆಯ ಗಂಡನಿಗೆ ಹಾಗೆ ಹೋಯಿತು, ಆಮೇಲೆ ಆ ಮನುಷ್ಯ ಸತ್ತರೂ ನಮ್ಮ ಮನೆಯಿಂದ ಯಾರೂ ಹೆಜ್ಜೆ ಎತ್ತಲಿಲ್ಲ. ಲಕೋಟೆಗೆ ಅಂಟು ಹಚ್ಚುತ್ತಿದ್ದವರು ನಾನು ಮತ್ತು ತಂಗಿ. ಹಾಗಾಗಿ ಅವಳು ತಿಳಿಯದೆ ಮಾಡಿದಳು ಎನ್ನಲು ಆಗುವುದಿಲ್ಲ.

ಆದರೆ ಮೊಣಕಾಲು ಹೇಗಿದೆ ಎಂದು ಯಾಕೆ ಕೇಳಿದಳು? ನಂಟು ಕಡಿಯುವವರು ಮೊಣಕಾಲು ವಿಚಾರಿಸುತ್ತಾರೆಯೇ? ನೀನು ಬರೆಯುವ ಕಾಗದಗಳ ಕೆಳಗೆ ಹೀಗೆ ಯಾವತ್ತೂ ಬಂದಿಲ್ಲ, ಹುಡುಕಿ ನೋಡಿದೆ. ಇವಳದರಲ್ಲಿ ಮಾತ್ರ ಯಾಕೆ?

ಮತ್ತೆ ಅಕ್ಷರ ಚಿಕ್ಕದಾಗಿಬಿಟ್ಟಿದೆ. ಏನು ಒತ್ತಿದೆನೋ ಏನೋ.

ಇಂತಿ,
ನಿನ್ನ ಅಜ್ಜಿ


ಫೆಬ್ರವರಿ ೧೯

ಅಜ್ಜಿ,

ಈ ವಾರ ಉಸಿರಾಡೋಕೂ ಪುರಸೊತ್ತಿಲ್ಲ, ದಿನಕ್ಕೆ ಮೂರು ಕ್ಲಾಸು. ನಿನ್ನ ಕಾಗದ ಮೇಲೆಮೇಲೆ ಓದಿದೆ, ಪೂರ್ತಿ ಆಮೇಲೆ ಓದ್ತೀನಿ. ಅಕ್ಷರ ದೊಡ್ಡದು ಮಾಡೋಕೆ ಎರಡು ಬೆರಳಿಟ್ಟು ಅಗಲಿಸು, ಹಿಟ್ಟು ತಟ್ಟಿದ ಹಾಗೆ. ಚಿಕ್ಕಜ್ಜಿ ಉತ್ತರ ಕೊಟ್ಟಿದ್ದು ಒಳ್ಳೇದೇ ಆಯ್ತು. ಅಮ್ಮನ ಜೊತೆ ಜಗಳ ಕಾಯಬೇಡ.

ನಿನ್ನ,
ಜೀರಿಗೆ


ಫೆಬ್ರವರಿ ೨೭

ಅಕ್ಕನವರಿಗೆ,

ತಾವು ಮತ್ತೆ ಬರೆಯಲಿಲ್ಲ. ಮೇಲಿನ ಕೋಣೆಗೆ ಒಟ್ಟು ಎಷ್ಟು ಮೆಟ್ಟಿಲುಗಳಿವೆ? ಹಿಡಿದುಕೊಳ್ಳಲು ಕಂಬಿ ಇದೆಯೇ? ಎರಡನೆಯ ಮಂಚ ಕಿಟಕಿಯ ಕಡೆಗೋ, ಗೋಡೆಯ ಕಡೆಗೋ? ಇವನ್ನು ತಿಳಿಸಬೇಕಾಗಿ ಕೋರಿಕೆ.

ಇಂತಿ,
ತಂಗಿ


ಮಾರ್ಚ್ ೩

ಜೀರಿಗೆ,

ಪೂರ್ತಿ ಓದುತ್ತೇನೆಂದವಳು ಇನ್ನೂ ಓದಿಲ್ಲ ಎಂದು ಕಾಣುತ್ತದೆ. ಇರಲಿ, ಈಗ ಓದಿ ಆಗಬೇಕಾದದ್ದು ಏನೂ ಇಲ್ಲ. ಆಗಬೇಕಾದದ್ದು ಆಗಿಹೋಯಿತು.

ಇಪ್ಪತ್ತೇಳಕ್ಕೆ ಇನ್ನೊಂದು ಬಂತು. ಮೇಲೆ ಮೆಟ್ಟಿಲ ಲೆಕ್ಕ ಕೇಳಿದ್ದಾಳೆ, ಕೆಳಗೆ ಚುಕ್ಕಿ ಒತ್ತಿದರೆ ಮತ್ತೆ ನನ್ನ ಕಾಗದ. ಈ ಸಲ ಅವಳ ಹಳೆಯ ನಾಲ್ಕು ಸಾಲೂ ಸೇರಿಕೊಂಡಿದೆ. ಒಂದು ಕೈಯಲ್ಲಿ ಬಾಗಿಲು ತಟ್ಟುತ್ತಾಳೆ, ಇನ್ನೊಂದು ಕೈಯಲ್ಲಿ ಚಿಲಕ ಹಾಕುತ್ತಾಳೆ. ಎರಡು ದಿನ ದಬ್ಬಣ ಹಿಡಿದು ಕೂತರೂ ಕೈ ಓಡಲಿಲ್ಲ. "ಮೆಟ್ಟಿಲು ಹದಿನಾಲ್ಕು ಅಂತ ಬರೆದು ಬಿಸಾಕಮ್ಮ, ಅದಕ್ಕೇನು" ಅಂದಳು ನಿನ್ನಮ್ಮ. ಅವಳಿಗೆ ಎಲ್ಲವೂ ಬಿಸಾಕುವುದೇ.

ಎರಡು ಸಲ ನನ್ನ ಕಾಗದ ನನ್ನ ಮುಖಕ್ಕೆ ಬಂದ ಮೇಲೆ ನಾನು ಅಪ್ಪನ ಮಗಳಲ್ಲವೇ? ಬಾಣದ ಗುರುತು ಒತ್ತಿ, ಅವಳ ಕಾಗದವನ್ನು ಅವಳಿಗೇ ಕಳಿಸಿದೆ. ಮೇಲೆ ಒಂದಕ್ಷರ ಬರೆಯಲಿಲ್ಲ.

ಕಳಿಸಿದ ಕೂಡಲೇ ಕೆಳಗೆ ಒಂದು ಕಪ್ಪು ಪಟ್ಟಿ ಬಂತು. 'ಕಳುಹಿಸಲಾಗಿದೆ' ಎಂದಿತ್ತು, ಪಕ್ಕದಲ್ಲಿ 'ರದ್ದುಮಾಡಿ' ಎಂದಿತ್ತು. ಕನ್ನಡಕ ಸರಿಮಾಡಿಕೊಂಡು ಎರಡನೆಯ ಮಾತು ಓದುವಷ್ಟರಲ್ಲಿ ಪಟ್ಟಿ ಮಾಯವಾಯಿತು. ರದ್ದು ಮಾಡುತ್ತಿದ್ದೆನೋ ಇಲ್ಲವೋ, ಅದು ಬೇರೆ ಮಾತು. ಆದರೆ ಮನಸ್ಸು ಬದಲಾಯಿಸುವ ಹೊತ್ತನ್ನು ಅಷ್ಟು ಗಿಡ್ಡ ಮಾಡಿದವರು ಯಾರು? ನಿನ್ನ ಪುಸ್ತಕದಲ್ಲಿ ಹಾಕು. ಅದು ಕಡೇಪಕ್ಷ ಒಂದು ದಿನ ಇರಬೇಕು. ವಯಸ್ಸಾದವರಿಗೆ ಎರಡು ದಿನ.

ನನಗೆ ಸಮಾಧಾನ ಆಗಬೇಕಿತ್ತು. ಆಗಿಲ್ಲ. ಯಾಕೆಂದು ತಿಳಿಯುತ್ತಿಲ್ಲ.

ಇಂತಿ,
ನಿನ್ನ ಅಜ್ಜಿ


ಮಾರ್ಚ್ ೫

ಅಜ್ಜಿ,

ತಪ್ಪು ನಂದು. ಹದಿನಾರನೇ ತಾರೀಕಿನ ಕಾಗದ ಈಗ ಪೂರ್ತಿ ಓದಿದೆ.

ಚಿಕ್ಕಜ್ಜಿ ನಿನ್ನ ಕಾಗದ ವಾಪಸ್ ಕಳಿಸಲಿಲ್ಲ ಅಜ್ಜಿ. ಯಾರೂ ಕಳಿಸೋದಿಲ್ಲ. ಒಂದು ಮೇಲಿಗೆ ಉತ್ತರ ಬರೆದರೆ ಹಳೇ ಮೇಲು ತಾನಾಗೇ ಅದರ ಕೆಳಗೆ ಅಂಟಿಕೊಳ್ಳುತ್ತೆ, ಬಾಲದ ಹಾಗೆ. ಯಾವ ಮಾತಿಗೆ ಯಾವ ಉತ್ತರ ಅಂತ ಮರೀಬಾರದು ಅಂತ ಇಟ್ಟಿರೋ ಸೌಕರ್ಯ ಅದು. ನೀನು ಅವರಿಗೆ ತಿರುಗಿಸಿ ಕಳಿಸಿದ್ದರ ಕೆಳಗೂ ಮೊದಲಿಂದ ಬರೆದದ್ದೆಲ್ಲ ಹೋಗಿರುತ್ತೆ. ನನ್ನ ಕಾಗದದಲ್ಲಿ ಬಾಲ ಕಾಣಲಿಲ್ಲ ಅಂದೆಯಲ್ಲ, ನಾನು ನಿನಗೆ ಪ್ರತಿ ಸಲ ಹೊಸದಾಗಿ ಬರೀತೀನಿ. ನಿನಗೆ ಗೊಂದಲ ಆಗಬಾರದು ಅಂತಲೇ ಹಾಗೆ ಮಾಡ್ತಿದ್ದೆ.

ಕಳಿಸಿದ್ದನ್ನ ಈಗ ಹಿಂದಕ್ಕೆ ತರೋಕೆ ಆಗಲ್ಲ. ಮೆಟ್ಟಿಲು ಎಷ್ಟು ಅಂತ ಕೇಳಿದ್ದಾರೆ ಅಂದರೆ ಬರೋ ಮನಸ್ಸಿದೆ ಅಂತ ಅರ್ಥ. ಬೇಗ ಬರಿ.

ನಿನ್ನ,
ಜೀರಿಗೆ


ಮಾರ್ಚ್ ೯

ಅಕ್ಕನವರಿಗೆ,

ತಾವು ಹಿಂದಿರುಗಿಸಿದ್ದು ತಲುಪಿತು. ಅಪ್ಪನ ಪದ್ಧತಿ ನೆನಪಿದೆ. ಆಶ್ರಮದ ಅರ್ಜಿ ಕೊಡಲು ಹದಿನೈದನೇ ತಾರೀಕು ಮಧ್ಯಾಹ್ನ ಕೊನೆಯ ಗಡುವು. ಸಹಿ ಹಾಕಿ ಕೊಡಲು ನಿರ್ಧರಿಸಲಾಗಿದೆ. ತಮಗೆ ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ ಇರಲಿ.

ಇಂತಿ,
ತಂಗಿ

ಅಮ್ಮಾ, ಇದು ನನ್ನ ಮಾತು. ನಾನು ಇಲ್ಲಿ ಕಚೇರಿಯ ಗುಮಾಸ್ತೆ. ನಿಮ್ಮ ತಂಗಿಗೆ ಈಗ ಅಕ್ಷರ ಕಾಣುವುದಿಲ್ಲ. ಬಂದದ್ದನ್ನು ಓದಿ ಹೇಳುವವಳೂ, ಅವರು ಹೇಳಿದ್ದನ್ನು ಬರೆಯುವವಳೂ ನಾನೇ. ಪ್ರತಿ ಸಲವೂ "ಮೊದಲಿಂದ ಕೊನೇತನಕ ಓದು, ಒಂದೂ ಬಿಡಬೇಡ" ಎನ್ನುತ್ತಾರೆ. ಅವರು ಹೇಳಿದ್ದನ್ನು ಬರೆದಾದ ಮೇಲೆ, ಕಳಿಸುವ ಮುಂಚೆ ಮತ್ತೆ ಎಲ್ಲವನ್ನೂ ಓದಿಸುತ್ತಾರೆ. ಕೆಳಗಿರುವ ನಿಮ್ಮ ಮೊದಲ ಪತ್ರವನ್ನೂ ಓದುತ್ತೇನೆ. ಇವತ್ತಿಗೆ ಐದು ಸಲ ಆಯಿತು. ದಬ್ಬಣದ ಸಾಲು ಬಂದಾಗ ಪ್ರತಿ ಸಲವೂ ಎದ್ದು ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಾರೆ. ಆಮೇಲೆ ಬಂದು ಕೂತು "ಮುಂದೆ ಓದು" ಎನ್ನುತ್ತಾರೆ. ನಾನು ಇದನ್ನು ಬರೆದದ್ದು ಅವರಿಗೆ ಗೊತ್ತಿಲ್ಲ.


ಮಾರ್ಚ್ ೧೦

ತಂಗಿ,

ಇದನ್ನು ಓದುತ್ತಿರುವ ಗುಮಾಸ್ತೆಯಮ್ಮ, ನನ್ನ ಹೆಸರು ಬಂದ ಜಾಗದಲ್ಲಿ ನಿಲ್ಲಿಸಿ. ಕೆಳಗೆ ಏನೂ ಇಲ್ಲ. ಬಾಲವನ್ನು ಒಂದು ಬೆರಳಿನಲ್ಲಿ ಅಕ್ಷರ ಅಕ್ಷರವಾಗಿ ಅಳಿಸಿದ್ದೇನೆ, ಬೆಳಗಿನಿಂದ ಅದೇ ಕೆಲಸ. ಒಟ್ಟಿಗೆ ಅಳಿಸುವ ಉಪಾಯ ಇದೆಯಂತೆ. ಇದ್ದರೂ ನನಗದು ಬೇಡವಾಗಿತ್ತು.

ನೀನು ನನ್ನ ಕಾಗದವನ್ನು ನನಗೇ ಹಿಂದಕ್ಕೆ ಕಳಿಸಿದೆ ಎಂದುಕೊಂಡೆ. ಈ ಯಂತ್ರ ತಾನಾಗಿ ಅಂಟಿಸುತ್ತದೆಂದು ನನಗೆ ಗೊತ್ತಿರಲಿಲ್ಲ. ನಾನು ನಿನಗೆ ಹಿಂದಕ್ಕೆ ಕಳಿಸಿದ್ದು ಮಾತ್ರ ಯಂತ್ರ ಮಾಡಿದ್ದಲ್ಲ, ನಾನೇ ಬೇಕೆಂದು ಮಾಡಿದ್ದು. ಅದನ್ನು ಬೇರೆ ಯಾರ ತಲೆಗೂ ಕಟ್ಟುವುದಿಲ್ಲ.

ಅಳಿಸುವಾಗ ಒಂದೊಂದು ಅಕ್ಷರವನ್ನೂ ನೋಡಿಯೇ ಅಳಿಸಬೇಕಾಯಿತು. ಈ ವಯಸ್ಸಿನತನಕ ನಾನು ಎಷ್ಟು ಕಾಗದ ಬರೆದಿಲ್ಲ. ಡಬ್ಬಿಗೆ ಹಾಕಿದರೆ ಆಯಿತು, ಒಳಗೆ ಏನಿತ್ತೆಂದು ಓದುವುದು ಅವರ ಪಾಡು. ನಾನು ಬರೆದದ್ದು ಓದುವವರಿಗೆ ಹೇಗೆ ಕಾಣುತ್ತದೆಂದು ನಿನ್ನೆಯವರೆಗೆ ನನಗೆ ಗೊತ್ತಿರಲಿಲ್ಲ. ಬಾ ಎಂದು ಕರೆದಿದ್ದೇನೆ ಎಂದೇ ನಾನು ತಿಳಿದಿದ್ದೆ. ಹುಡುಕಿದರೆ 'ಬಾ' ಎಂಬುದು ಒಂದು ಕಡೆ ಇದೆ, ಉಳಿದದ್ದೆಲ್ಲ ಯಾಕೆ ಬರಬಾರದು ಎಂಬುದೇ.

ಇನ್ನೊಂದು ಇದೆ, ಅದನ್ನೂ ಬರೆದುಬಿಡುತ್ತೇನೆ. ಗಿರಾಕಿಗಳ ಮುಂದೆ ತಲೆ ತಗ್ಗಿಸಬೇಕಾಯಿತು ಎಂದಿದ್ದೆ. ಅದು ಸುಳ್ಳು. ನಿನ್ನ ಹೊಲಿಗೆಯ ಮೇಲೆ ಒಬ್ಬ ಗಿರಾಕಿಯೂ ದೂರು ತಂದಿರಲಿಲ್ಲ. ಸೊಟ್ಟ ಕಂಡದ್ದು ನನ್ನ ಕಣ್ಣಿಗೆ. ತಡೆಯಲಾಗದೆ ಬಿಚ್ಚುತ್ತಿದ್ದೆ. ನೀನು ಕೊಡೆಗೆಂದು ಬಂದು ಬಾಗಿಲಲ್ಲಿ ನಿಂತಾಗ ನಾನು ತಲೆ ಎತ್ತದೆ ಇನ್ನೂ ಎರಡು ಹೊಲಿಗೆ ಬಿಚ್ಚಿದೆ. ಅದೇಕೆ ಹಾಗೆ ಮಾಡಿದೆನೋ ಹನ್ನೊಂದು ವರ್ಷವಾದರೂ ತಿಳಿದಿಲ್ಲ.

ಮೆಟ್ಟಿಲು ಹದಿನಾಲ್ಕು. ಏಳನೆಯದು ಸ್ವಲ್ಪ ಎತ್ತರ. ಕಂಬಿ ಬಲಗಡೆ ಇದೆ. ಮಂಚ ಕಿಟಕಿಯ ಕಡೆ ಹಾಕಿಸುತ್ತೇನೆ, ನಾನು ಗೋಡೆಯ ಕಡೆ ಹೋಗುತ್ತೇನೆ.

ಇಂತಿ,
ಅಕ್ಕ


ಮಾರ್ಚ್ ೧೪

ಅಕ್ಕ,

ಈ ಸಲ ನಾನು ಹೇಳಿದ ಹಾಗೇ ಬರೀಬೇಕು, ನಿನ್ನ ಕಚೇರಿ ಮಾತು ಒಂದೂ ಸೇರಿಸಬೇಡ ಅಂತ ಈ ಹುಡುಗಿಗೆ ಹೇಳಿದ್ದೀನಿ. 'ತಾವು' ಅಂತ ನಾನೆಲ್ಲಿ ಅಂದೆ? ನಾನು ಅಂದಿದ್ದು "ಅವಳಿಗೆ ಕೇಳು, ಮೆಟ್ಟಿಲು ಎಷ್ಟು" ಅಂತ. ಈಕೆ ಅದಕ್ಕೆ ಕೋಟು ತೊಡಿಸಿ ಕಳಿಸಿದ್ದಾಳೆ.

ನಿನ್ನ ಕಾಗದ ಮೂರು ದಿನದಿಂದ ಓದಿಸಿಕೊಳ್ತಾ ಇದ್ದೀನಿ. ದೂರು ಬಂದಿರಲಿಲ್ಲ ಅನ್ನೋದು ನನಗೆ ಗೊತ್ತಿತ್ತು. ಬಂದಿದ್ದರೆ ನೀನು ಸುಮ್ಮನಿರುತ್ತಿದ್ದೆಯಾ, ಅವತ್ತೇ ಮುಖಕ್ಕೆ ಹೊಡೆದ ಹಾಗೆ ಹೇಳ್ತಿದ್ದೆ. ನನಗೆ ಸಂಕಟ ಆಗಿದ್ದು ನೀನು ಬೈಲಿಲ್ಲ ಅಂತ. ಬೈಯದೆ ಬಿಚ್ಚಿದೆಯಲ್ಲ, ನಾನು ಅಲ್ಲಿ ಇಲ್ಲವೇ ಇಲ್ಲ ಅನ್ನೋ ಹಾಗೆ.

ಬರ್ತೀನಿ. ಆದರೆ ಕೂತು ತಿನ್ನೋಕೆ ಬರಲ್ಲ. ಹೊಲೀತೀನಿ. ಕಣ್ಣು ಹೋಗಿದೆ, ಬೆರಳಿಗೆ ಇನ್ನೂ ದಾರ ಕಾಣುತ್ತೆ. ಸೊಟ್ಟ ಬಂದರೆ ನನ್ನ ಎದುರಿಗೆ ಹೇಳು, ಎಷ್ಟು ಜೋರಾಗಿ ಬೇಕಾದರೂ ಹೇಳು. ನಾನು ಆ ಕಡೆ ಹೋದಾಗ ಬಿಚ್ಚಬೇಡ. ಇದಕ್ಕೆ ಒಪ್ಪಿದರೆ ನಾಳೆ ಮಧ್ಯಾಹ್ನದೊಳಗೆ ಹೇಳು. ಹೇಳದಿದ್ದರೆ ಅರ್ಜಿಗೆ ಹೆಬ್ಬೆಟ್ಟು ಒತ್ತಿ ಕೊಡ್ತೀನಿ. ನಿನಗೆ ಯೋಚನೆಗೆ ಹೊತ್ತು ಕೊಟ್ಟರೆ ನಾಲಿಗೆ ಉದ್ದ ಆಗುತ್ತೆ, ಅದಕ್ಕೆ ಇಷ್ಟೇ.

ನಿನ್ನ ತಂಗಿ


ಮಾರ್ಚ್ ೧೫, ಬೆಳಿಗ್ಗೆ ಏಳು ಗಂಟೆ

ತಂಗಿ,

ಒಪ್ಪಿದ್ದೇನೆ. ಗಾಡಿ ಹೊರಟಿದೆ. ಈ ಕಾಗದ ಎಲ್ಲಾದರೂ ಕಸದಲ್ಲಿ ಬಿದ್ದೀತೆಂದು ಗಾಡಿಯವನ ಬಾಯಲ್ಲೂ ಹೇಳಿ ಕಳಿಸಿದ್ದೇನೆ.

ಅಕ್ಕ


ಮೇ ೨೦

ಜೀರಿಗೆ,

ನಿನ್ನ ಪಾಠದ ಪುಸ್ತಕ ಅಚ್ಚಾಗಿ ಬಂತು. ನನ್ನ ಮಾತುಗಳನ್ನು ತೊಳೆದು ಇಸ್ತ್ರಿ ಮಾಡಿ ಹಾಕಿದ್ದೀಯ. ನಿನ್ನಮ್ಮ ಓದಿ ಹೇಳುವಾಗ ಚಿಕ್ಕಜ್ಜಿ, "ಇದನ್ನ ನೀನು ಹೇಳಿದ್ದಾ? ಇಷ್ಟು ಮೆತ್ತಗೆ ಯಾವಾಗ ಮಾತಾಡಿದೆ?" ಅಂದಳು. ಬಾಲದ ವಿಷಯ ಬರೆದಿದ್ದೀಯ, ಅದನ್ನು ಅಳಿಸಿ ಕಳಿಸಬಹುದು ಎಂದೂ ಹೇಳಿದ್ದೀಯ. ಸರಿ. ಆದರೆ ಅಳಿಸುವ ಮುಂಚೆ ಒಮ್ಮೆ ಓದಿಕೊಳ್ಳಿ ಎಂದು ಹಾಕಬೇಕಿತ್ತು. ಮುಂದಿನ ಸಲ ಅಚ್ಚು ಹಾಕಿಸುವಾಗ ಸೇರಿಸು.

ನಾವು ಚೆನ್ನಾಗಿದ್ದೇವೆ ಎಂದು ಬರೆಯಬೇಕೆಂದಿದ್ದೆ. ಚೆನ್ನಾಗಿದ್ದೇವೋ ಇಲ್ಲವೋ ನನಗೆ ಸರಿಯಾಗಿ ಗೊತ್ತಾಗುವುದಿಲ್ಲ. ದಿನಾ ಜಗಳ. ಕಿಟಕಿಯ ಗಾಳಿ ಜಾಸ್ತಿ ಎಂದು ಅವಳು, ಹಾಗಾದರೆ ಗೋಡೆಯ ಕಡೆಗೆ ಬಾ ಎಂದು ನಾನು, ಬರುವುದಿಲ್ಲ ಎಂದು ಅವಳು. ಏಳನೇ ಮೆಟ್ಟಿಲಿಗೆ ಕಾಲಿಟ್ಟಾಗೆಲ್ಲ ಅದನ್ನು ಕಟ್ಟಿದ ಗಾರೆಯವನಿಗೆ ಬೈಗುಳ. ನಿನ್ನಮ್ಮ ಅಂಗಡಿಯಲ್ಲಿ ರೇಡಿಯೋದ ಸದ್ದು ಜೋರು ಮಾಡಿಕೊಂಡಿದ್ದಾಳೆ.

ಅವಳು ಬಂದು ಹೊಲಿದ ಮೊದಲ ಹಾಸಿಗೆ ಹೋದ ವಾರ ಮುಗಿಯಿತು. ಎಡ ಅಂಚಿನ ಹೊಲಿಗೆ ಹಾವಿನ ಹಾಗೆ ಡೊಂಕು ಡೊಂಕಾಗಿ ಹೋಗಿದೆ. ಎದುರಿಗೇ ಹೇಳಬೇಕೆಂಬುದು ಒಪ್ಪಂದ, ಹೇಳಿದೆ. "ಸೊಟ್ಟ ಬಂದಿದೆ ಕಣೇ." ಅವಳು ಬೆರಳಾಡಿಸಿ ನೋಡಿದಳು. "ಬಂದಿದೆ. ಮತ್ತೆ ಹೊಲಿಯಲಾ?" ಅಂದಳು. ನಾನೂ ಆ ಅಂಚಿನ ಮೇಲೆ ಬೆರಳಾಡಿಸಿದೆ. ಅವಳು ದಾರ ಕಚ್ಚಿ ಕತ್ತರಿಸಿ, ಮುಂದಿನ ಹಾಸಿಗೆಯ ಬಟ್ಟೆ ಎಳೆದುಕೊಂಡಳು.

ಆ ಸೊಟ್ಟ ಹಾಸಿಗೆಯನ್ನು ಗಾಡಿಗೆ ಹಾಕಿಸಲಿಲ್ಲ. ನನ್ನ ಮಂಚದ ಮೇಲೆ ಹಾಸಿಕೊಂಡೆ. ಮಧ್ಯಾಹ್ನ ಊಟವಾದ ಮೇಲೆ ಅದರ ಮೇಲೆ ಒರಗುತ್ತೇನೆ. ಸರಿಯಾಗಿ ಎಡ ಭುಜದ ಕೆಳಗೆ ಹತ್ತಿ ಉಂಡೆಗಟ್ಟಿ ಒತ್ತುತ್ತದೆ. ನಾಲ್ಕು ಹೊಲಿಗೆ ಬಿಚ್ಚಿದರೆ ಸರಿಹೋಗುವ ಕೆಲಸ. ಆ ಹೊತ್ತಿಗೆ ಅವಳು ಕೆಳಗೆ ಅಂಗಡಿಯಲ್ಲಿರುತ್ತಾಳೆ, ಕತ್ತರಿ ನನ್ನ ತಲೆಯ ಹತ್ತಿರದ ಗೂಡಿನಲ್ಲಿರುತ್ತದೆ. ಒಂದು ಸಲ ಆ ಕಡೆ ಹೊರಳುತ್ತೇನೆ, ಒಂದು ಸಲ ಈ ಕಡೆ. ಆಮೇಲೆ ನಿದ್ದೆ ಬಂದುಬಿಡುತ್ತದೆ.

ಇಂತಿ,
ನಿನ್ನ ಅಜ್ಜಿ